ನೆಲ ಮುಟ್ಟಿದ ಅನ್ಯಗ್ರಹವಾಸಿ

ಗುಬ್ಬಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಏಲಿಯನ್ ಚನ್ನಪ್ಪ ಟೀವಿಯಲ್ಲಿ ಒಂದು ಸಲ ಮುಖ ತೋರಿಸಿ, ಬದುಕಿರುವವರೆಗೂ ಅದನ್ನೇ ಹೇಳಿಕೊಂಡು ಮೆರೆದ. ಈ ಹೇಳಿಕೆಗೆ ನನ್ನ ಆಕ್ಷೇಪವಿದೆ. ಮೊದಲನೆಯದಾಗಿ, ಅವರ ಮುಖ ಟೀವಿಯಲ್ಲಿ ಬರಲೇ ಇಲ್ಲ. ಎರಡನೆಯದಾಗಿ, ಆ ವಿಷಯವನ್ನು ಅವರು ತಾವಾಗಿ ಎತ್ತಿದ್ದನ್ನು ನಾನಂತೂ ಕೇಳಿಲ್ಲ. ಎತ್ತುತ್ತಿದ್ದವರು ಊರಿನವರು. ಅವರು ಶುರುಮಾಡಿದ ಕೂಡಲೇ ಚನ್ನಪ್ಪ ತಾತ ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಬಾಗಿಲ ಕಡೆ ನೋಡುತ್ತಿದ್ದರು. ಮೆರೆಯುವವನು ಬಾಗಿಲು ಹುಡುಕುತ್ತಾನೆಯೇ?

ಬಾಗಿಲು ಅವರಿಗೆ ಸದಾ ಬೇಕಿತ್ತು. ಹೋಟೆಲಿನಲ್ಲಿ ಬಾಗಿಲ ಪಕ್ಕದ ಟೇಬಲ್ಲು, ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು, ಮದುವೆ ಮನೆಯಲ್ಲಿ ಹೊಸ್ತಿಲಿಗೆ ಅಂಟಿದ ಕುರ್ಚಿ. ಅಂಗಿಯ ಮೇಲಿನ ಗುಂಡಿಯನ್ನು ಎಂಥ ಚಳಿಯಲ್ಲೂ ಹಾಕುತ್ತಿರಲಿಲ್ಲ. ಹೆಲ್ಮೆಟ್ಟನ್ನಂತೂ ಮೊಣಕೈಗೆ ಸಿಕ್ಕಿಸಿಕೊಂಡೇ ಸ್ಕೂಟರ್ ಓಡಿಸುತ್ತಿದ್ದರು. ಒಮ್ಮೆ ನಾನು ಹಿಂದೆ ಕೂತಿದ್ದಾಗ ತುಮಕೂರಿನ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಪೊಲೀಸಿನವರು ಅಡ್ಡಹಾಕಿದರು.

"ಏನ್ ಯಜಮಾನ್ರೇ, ಹೆಲ್ಮೆಟ್ ಹಾಕೋದು ತಲೆಗೋ ಮೊಣಕೈಗೋ?"

"ಬಿದ್ರೆ ಮೊದ್ಲು ಊರೋದು ಮೊಣಕೈನೇ ಅಲ್ವಾ ಸಾರ್."

ಪೊಲೀಸಿನವರು ನಕ್ಕು ಬಿಟ್ಟುಬಿಟ್ಟರು. ನಾನು ಬಿಡಲಿಲ್ಲ. "ಏಲಿಯನ್ನೇ ಆಗಿದ್ದೋರು ಒಂದು ಹೆಲ್ಮೆಟ್ಟಿಗೆ ಹೆದರ್ತೀರಲ್ಲ ತಾತ?" ಎಂದೆ. ಅವರು ಸ್ಕೂಟರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಕತ್ತು ಒರೆಸಿಕೊಂಡರು. "ಹಂಗನ್ನಬ್ಯಾಡ ಕಣವ್ವ" ಎಂದಷ್ಟೇ ಹೇಳಿದರು.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಚಿಕ್ಕಂದಿನಲ್ಲೇ, ಟೆಂಟು ಹಾಕಿ ಊರೂರು ತಿರುಗುವ ನಾಟಕ ಕಂಪನಿ ಸೇರಿದವರು ಅವರು. ಕಂಪನಿ ಮುಚ್ಚಿದ ಮೇಲೆ ಸುತ್ತಲಿನ ಹಳ್ಳಿಗಳ ರೈತರಿಗೆ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರಾದರು. ಹಗಲೆಲ್ಲ ತೆಂಗಿನ ತೋಟದಲ್ಲಿ ದುಡಿದು ಬಂದ ಭೀಮ ಗದೆಯನ್ನು ಪುಸಕ್ಕನೆ ಎತ್ತಿದರೆ ಹಾರ್ಮೋನಿಯಂ ನಿಲ್ಲಿಸಿ ಬೈಯುತ್ತಿದ್ದರು: "ಲೇ, ಗದೆ ಥರ್ಮಾಕೋಲಿಂದು ಅಂತ ನಿಂಗೊತ್ತು. ನಿನ್ನ ತೋಳಿಗೆ ಗೊತ್ತಾಗಬಾರ್ದು ಕಣ್ಲಾ!"

ನನ್ನನ್ನು ಅವರು ಕರೆಯುತ್ತಿದ್ದದ್ದು ಲಾಯರಮ್ಮ ಎಂದು. ಆಗ ನಾನಿನ್ನೂ ಹೈಸ್ಕೂಲು. ಚರ್ಚಾಸ್ಪರ್ಧೆಗಳಿಗೆ ಹೋಗುವಾಗ ದನಿ ಎಲ್ಲಿ ಏರಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಹೇಳಿಕೊಟ್ಟವರು ಅವರೇ. ಅದರಲ್ಲಿ ಒಂದನ್ನು ಮಾತ್ರ ನಾನು ಒಪ್ಪಲಿಲ್ಲ. ವೇದಿಕೆ ಹತ್ತುವಾಗ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಂತೆ.

"ಮರದ ಹಲಗೆಗೆ ಯಾಕೆ ನಮಸ್ಕಾರ ತಾತ? ಅದಕ್ಕೆ ಕೇಳ್ಸುತ್ತಾ?"

"ಹಲಗೆಗೆ ಕೇಳ್ಸಲ್ಲ. ನಿನ್ನ ಕಾಲಿಗೆ ಕೇಳ್ಸುತ್ತೆ. ನಾನೀಗ ಮನೇಲಿಲ್ಲ ಅಂತ ಅದಕ್ಕೆ ತಿಳೀಬೇಕು."

"ನಂಗೆ ನಂಬಿಕೆ ಇಲ್ಲ."

"ನಂಬಿಕೆ ಯಾರಿಗವ್ವಾ ಬೇಕು? ನಾನೇನು ಬೇಕು ಅಂತ ಮುಟ್ತೀನಾ? ಕೈ ತಾನೇ ಹೋಯ್ತದೆ. ಕಂಪನೀಲಿ ಬೆಳೆದೋನು ಯಾವನ್ನಾದ್ರೂ ಕೇಳು, ಇದೇ ಹೇಳ್ತಾನೆ."

ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನಂತೂ ಇಟ್ಟುಕೊಂಡಿದ್ದೆ.

ಇನ್ನು ತಾತ ಏಲಿಯನ್ ಆದ ಆ ಧಾರಾವಾಹಿ. ನಾನು ಹುಟ್ಟುವ ಎಷ್ಟೋ ಮೊದಲು, ಮನೆಗೊಂದಲ್ಲ ಬೀದಿಗೊಂದು ಟೀವಿ ಇದ್ದ ಕಾಲದಲ್ಲಿ ಬರುತ್ತಿದ್ದ ವಿಜ್ಞಾನದ ಕಥೆ ಅದು. ಒಬ್ಬ ವಿಜ್ಞಾನಿ, ಅವನ ತಂಗಿ, ಅವರದೊಂದು ಆಕಾಶನೌಕೆ. ವಾರಕ್ಕೊಂದು ಗ್ರಹ, ಗ್ರಹಕ್ಕೊಬ್ಬ ಅತಿಥಿ ಕಲಾವಿದ. ವಿಜ್ಞಾನಿಗೆ ಏನೂ ಆಗುವಂತಿಲ್ಲ, ಮುಂದಿನ ವಾರ ಅವನು ಬೇಕು. ಆದ್ದರಿಂದ ಸಾಯುವ ಕೆಲಸವೆಲ್ಲ ಅತಿಥಿಯದು. ಆದರೆ ಗುಬ್ಬಿಯ ತಮಾಷೆ ನೋಡಿ: ಆ ವಿಜ್ಞಾನಿ ಯಾರು, ಆ ತಂಗಿ ಯಾರು, ಇಲ್ಲಿ ಒಬ್ಬರಿಗೂ ನೆನಪಿಲ್ಲ. ಒಂದೇ ಒಂದು ವಾರ ಬಂದು ಹೊಗೆಯೊಳಗೆ ಸತ್ತ ಅನ್ಯಗ್ರಹವಾಸಿ ಮಾತ್ರ ಚನ್ನಪ್ಪ ತಾತನಿಗೆ ಅಡ್ಡಹೆಸರು ಕೊಟ್ಟುಹೋದ.

ನಾನು ತುಮಕೂರಿನಲ್ಲಿ ಕಾನೂನು ಓದುತ್ತಿದ್ದಾಗ ನಮ್ಮ ಬೀದಿಯ ಮೊಬೈಲ್ ಅಂಗಡಿ ಮಂಜಣ್ಣ ಫೋನ್ ಮಾಡಿದ. ಊರಿನ ಕಲಾ ಸಂಘದಿಂದ ಚನ್ನಪ್ಪ ತಾತನಿಗೆ ಸನ್ಮಾನ, ಬರುವ ಭಾನುವಾರ, ದೊಡ್ಡ ಪರದೆಯ ಮೇಲೆ ಆ ಕಂತನ್ನೇ ತೋರಿಸಬೇಕು. "ನೀನೇ ಹುಡುಕ್ಬೇಕು ಕಣಮ್ಮ. ನೆಟ್ಟಲ್ಲಿ ಎಲ್ಲಾದ್ರೂ ಇರ್ತದೆ."

ಇತ್ತು. ಯಾರೋ ಪುಣ್ಯಾತ್ಮರು ಹಳೆಯ ಕ್ಯಾಸೆಟ್ಟಿನಿಂದ ಇಳಿಸಿ ಹಾಕಿದ್ದರು. ಚಿತ್ರದ ತುಂಬ ಗೆರೆಗಳು. ನೌಕೆಯ ಬಾಗಿಲು ತೆರೆಯುತ್ತದೆ, ಹೊಗೆ ಬರುತ್ತದೆ, ಬೆಳ್ಳಿ ಬಣ್ಣದ ಅಂಗಿ, ಕಪ್ಪು ಗಾಜಿನ ದೊಡ್ಡ ಹೆಲ್ಮೆಟ್ಟು ತೊಟ್ಟ ಆಕೃತಿಯೊಂದು ಹೊಸ್ತಿಲಲ್ಲಿ ನಿಲ್ಲುತ್ತದೆ. ಕೆಳಗೆ ಇಳಿಯುವ ಮುಂಚೆ ಬಗ್ಗಿ, ಬಲಗೈಯಿಂದ ನೆಲ ಮುಟ್ಟಿ, ಬೆರಳುಗಳನ್ನು ಹೆಲ್ಮೆಟ್ಟಿನ ಗಾಜಿಗೆ ಒತ್ತಿಕೊಳ್ಳುತ್ತದೆ!

ನಾನು ಬಿದ್ದೂ ಬಿದ್ದೂ ನಕ್ಕೆ. ಕೋಟಿ ಮೈಲಿ ದೂರದಿಂದ ಬಂದ ಜೀವಿ ಗುಬ್ಬಿಯ ರಂಗಕ್ಕೆ ನಮಸ್ಕಾರ ಮಾಡಿ ಇಳಿಯುತ್ತಿದೆ. ಮುಂದೆ ಮಾತಿಲ್ಲ, ಬರೀ ಗುಂಯ್‌ಗುಟ್ಟುವ ಸದ್ದು. ಸ್ವಲ್ಪ ಹೊತ್ತಿಗೆ ಸಾಯುತ್ತದೆ. ಕೊನೆಯ ಹೆಸರುಗಳಲ್ಲಿ ಬರುತ್ತದೆ: ಅತಿಥಿ ಕಲಾವಿದ, ಗುಬ್ಬಿ ಚನ್ನಪ್ಪ.

ಸಿಕ್ಕಿತು ಎಂದು ಮಂಜಣ್ಣನಿಗೆ ಹೇಳಿದೆ. ಮಾರನೆಯ ಬೆಳಿಗ್ಗೆ ನಮ್ಮಮ್ಮನ ಫೋನು: "ಚನ್ನಪ್ಪಣ್ಣ ನಿನ್ನೆಯಿಂದ ಊಟ ಬಿಟ್ಟವ್ರೆ ಕಣೇ. ನಿನ್ನ ನೋಡ್ಬೇಕು ಅಂತ ಮೊದಲ್ನೇ ಬಸ್ಸಿಗೇ ಹೊರಟ್ರು. ಏನೇ ಮಾಡ್ದೆ?"

ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಬಾಗಿಲ ಬಳಿಯ ಟೇಬಲ್ಲಿಗೆ ಕೂತೆವು. ಕಾಫಿ ಬಂತು. ಅವರು ಲೋಟ ಮುಟ್ಟಲಿಲ್ಲ.

"ನೀನು ನೋಡಿದ್ಯಾ?"

"ನೋಡಿದೆ."

"ನೆಲ ಮುಟ್ತಾನಾ?"

ಮುಟ್ತಾನೆ ಎಂದೆ. ತಾತ ಕಣ್ಣು ಮುಚ್ಚಿಕೊಂಡು ಉದ್ದಕ್ಕೆ ಉಸಿರು ಬಿಟ್ಟರು. ಆಮೇಲೆ ಹೇಳಿದರು, ನಾನು ಕೇಳದೆಯೇ.

ಶೂಟಿಂಗಿಗೆ ಬೆಂಗಳೂರಿಗೆ ಹೋದವರು ಇಬ್ಬರು. ಕರೆ ಬಂದದ್ದು ಚನ್ನಪ್ಪನಿಗೆ. ಜೊತೆಗೆ ಹೋದವನು ಕುಣಿಗಲ್ ಕಡೆಯ ಹುತ್ರಿದುರ್ಗದ ಸಿದ್ದಲಿಂಗ, ಕಂಪನಿಯ ಗೆಳೆಯ. "ನಾನು ನಕುಲ, ಅವ್ನು ಸಹದೇವ. ಎತ್ತರ, ಗಾತ್ರ ಎಲ್ಲಾ ಒಂದೇ. ನಮ್ಮ ಕಿರೀಟಕ್ಕೆ ಒಂದು ದಾರ ಅಷ್ಟೇ ಕಣವ್ವ, ಎಳುದ್ರೆ ಬಿಚ್ಕೊಳ್ಳುತ್ತೆ. ಆ ಹೆಲ್ಮೆಟ್ಟಿಗೆ ಹಿಂದ್ಗಡೆಯಿಂದ ಸ್ಕ್ರೂ ಬಿಗುದ್ರು. ಬಾಗ್ಲು ತೆಗೀತು, ಕೈ ತಾನೇ ಹೋಯ್ತು, ನೆಲ ಮುಟ್ದೆ. ಡೈರೆಕ್ಟ್ರು ಕಟ್ ಅಂದ್ರು. 'ಏನ್ರೀ ಇದು, ಏಲಿಯನ್ನು ನಮಸ್ಕಾರ ಹಾಕ್ತಾನಾ? ಇನ್ನೊಂದ್ಸಲ ಮಾಡಿ, ಮುಟ್ಬೇಡಿ' ಅಂದ್ರು. ಅಷ್ಟ್ರಲ್ಲಿ ನಂಗೆ ಉಸ್ರು ನಿಂತೋಯ್ತು. ಕೂಗ್ತೀನಿ, ಯಾರ್ಗೂ ಕೇಳ್ತಿಲ್ಲ. ಹೊಗೆ ಊದೋ ಫ್ಯಾನಿನ ಸದ್ದು. ಗಾಜಿನಾಚೆ ಎಲ್ರೂ ನಗ್ತಾವ್ರೆ, ಪಾರ್ಟ್ ಮಾಡ್ತಾವ್ನೆ ಅಂದ್ಕಂಡು. ಸಿದ್ದಲಿಂಗ ಒಬ್ನಿಗೇ ತಿಳೀತು. ಓಡ್ಬಂದು ಸ್ಕ್ರೂ ಬಿಚ್ದ."

"ಆಮೇಲೆ?"

"ಆಮೇಲೆ ನಾನು ಅದನ್ನ ತಲೆಗಿಡಲಿಲ್ಲ. ಎರಡ್ನೇ ಸಲ ಹಾಕ್ಕಂಡೋನು ಸಿದ್ದಲಿಂಗ. ಹೊಗೇಲಿ ಸಾಯೋ ಪಾರ್ಟ್ ಮಾಡಿದ್ದೂ ಅವ್ನೇ. ಬಾಗ್ಲಲ್ಲಿ ನಿಂತಿದ್ದು ಯಾರ್ದು ಹಾಕವ್ರೆ, ನಂದಾ ಅವ್ನದಾ, ನಂಗೆ ಇವತ್ತಿಗೂ ತಿಳೀದು. ಆಗ ನಾನು ಹೊರಗೆ ಕೂತು ವಾಂತಿ ಮಾಡ್ತಿದ್ದೆ."

"ಟೀವಿಲಿ ಬಂದಾಗ ನೋಡ್ಲಿಲ್ವಾ?"

ನೋಡಿರಲಿಲ್ಲ. ಆ ಸಂಜೆ ಬೇಕೆಂದೇ ಹೆಂಡತಿಯ ಊರು ಕಡಬಕ್ಕೆ ಹೋಗಿ, ಕಾರ್ಯಕ್ರಮ ಮುಗಿಯುವವರೆಗೂ ಕೆರೆ ಏರಿಯ ಮೇಲೆ ಕೂತಿದ್ದರಂತೆ. ವಾಪಸ್ ಬರುವಷ್ಟರಲ್ಲಿ ಊರು ಅವರನ್ನು ಏಲಿಯನ್ ಮಾಡಿಬಿಟ್ಟಿತ್ತು. ಟೀವಿಯಲ್ಲಿ ಬಂದ ಮೇಷ್ಟ್ರು ಎಂದು ಹಳ್ಳಿಯವರು ನಾಟಕ ಕಲಿಸಲು ಹುಡುಕಿಕೊಂಡು ಬಂದರು. ಸಿದ್ದಲಿಂಗ ಹುತ್ರಿದುರ್ಗಕ್ಕೆ ಹೋಗಿ ರಾಗಿ ಬಿತ್ತಿದ.

"ಅವ್ನು ಒಂದಿನಾನೂ 'ನಾನು' ಅನ್ನಲಿಲ್ಲ ಕಣವ್ವ. ನಾನು ತಿಂದಿದ್ದು ನನ್ನ ಅನ್ನಾನೋ ಅವ್ನದೋ?"

ಫೋನಿನಲ್ಲಿ ಆ ದೃಶ್ಯ ಹಾಕಿ ಅವರ ಕೈಗೆ ಕೊಟ್ಟೆ. ಮತ್ತೆ ಮತ್ತೆ ನೋಡಿದರು. ನಿಮ್ಮ ನಡಿಗೆ ನಿಮಗೇ ಗೊತ್ತಾಗಲ್ವಾ ಎಂದರೆ, "ಆ ಬೂಟು ಹಾಕಿದ್ರೆ ಎಮ್ಮೇನೂ ಹಂಗೇ ನಡೀತದೆ ಬುಡು" ಎಂದರು. ಆದರೆ ಮುಖ ಅರಳುತ್ತಿತ್ತು. ಅವರ ತರ್ಕ ಸರಳ: ಮೊದಲ ಸಲ ನೆಲ ಮುಟ್ಟಿದ್ದು ಅವರು, ಎರಡನೆಯ ಸಲ ಮುಟ್ಟಬೇಡಿ ಎಂದಿದ್ದರು ಡೈರೆಕ್ಟರು, ಇಲ್ಲಿ ಮುಟ್ಟುತ್ತಾನೆ, ಆದ್ದರಿಂದ ಇದು ಮೊದಲನೆಯದು. "ಹಂಗಾದ್ರೆ ನಾನೇ ಕಣವ್ವ. ನಾನೇ."

ಲೋಟಕ್ಕೆ ಕೈ ಹೋಯಿತು. ಆಗಲೇ ನನ್ನ ಬಾಯಿಂದ ಬಂತು: "ತಾತ, ಕಂಪನೀಲಿ ಬೆಳೆದ ಯಾವನ ಕೈಯಾದ್ರೂ ತಾನೇ ಹೋಗುತ್ತೆ ಅಂದೋರು ನೀವೇ ಅಲ್ವಾ? ಸಿದ್ದಲಿಂಗ ತಾತನೂ ಕಂಪನಿಯವರೇ."

ವಾದದ ಮಟ್ಟಿಗೆ ಇದಕ್ಕೆ ಉತ್ತರವಿಲ್ಲ. ಈಗಲೂ ಇಲ್ಲ. ತಾತ ಲೋಟ ಕೆಳಗಿಟ್ಟರು.

"ಅವ್ನು ಹೇಳಿದ್ ಮಾತು ಕೇಳೋನು. ಬ್ಯಾಡ ಅಂದ್ಮೇಲೆ ಮುಟ್ಟಲ್ಲ."

"ಅವರನ್ನೇ ಕೇಳಿಬಿಡಿ. ಕುಣಿಗಲ್ ಏನು ದೂರಾನಾ?"

"ಹೆಂಗೇ ಕೇಳ್ಲಿ? 'ಮುಟ್ಟಿದ್ದೆ' ಅಂದುಬುಟ್ರೆ?"

ಗುಬ್ಬಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. ಕಂಡಕ್ಟರು ಸೀಟಿ ಊದುತ್ತಿದ್ದ. "ಅವ್ನು ಮುಟ್ಟಲ್ಲ, ಅಲ್ವಾ ಲಾಯರಮ್ಮ?"

ಬಸ್ಸು ಹೊರಟುಹೋಯಿತು.

ಭಾನುವಾರ ವೇದಿಕೆಯ ಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇದ್ದವು. ನಡುವಿನ ಕುರ್ಚಿ ಖಾಲಿ. ಮಂಜಣ್ಣ ಬೆವರುತ್ತ ಓಡಾಡಿದ: "ಬೆಳಿಗ್ಗೆ ಇದ್ರು ಕಣಮ್ಮ! ಸ್ಕೂಟರೂ ಇಲ್ಲ, ಫೋನೂ ಎತ್ತಲ್ಲ. ಏನಾದ್ರೂ ಹೆಚ್ಚುಕಮ್ಮಿ ಆಯ್ತೋ ಏನೋ." ಕಾದು ಕಾದು ಪರದೆಯ ಮೇಲೆ ದೃಶ್ಯ ಹಾಕಿದರು. ಆಕೃತಿ ಬಗ್ಗಿ ನೆಲ ಮುಟ್ಟಿದ ಕೂಡಲೇ ಜನ ಎದ್ದು ನಿಂತು ಶಿಳ್ಳೆ ಹೊಡೆದರು. "ನೋಡ್ಲಾ, ನಮ್ ಚನ್ನಪ್ಪ! ಬೇರೆ ಗ್ರಹಕ್ಕೆ ಹೋದ್ರೂ ಗುಬ್ಬಿ ಬುಡಲಿಲ್ಲ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ನಾನು ಅಲ್ಲಿಂದ ನೇರ ಕಡಬಕ್ಕೆ ಹೋದೆ. ಬೇರೆ ಎಲ್ಲಿ ಹುಡುಕಲಿ? ಕೆರೆ ಏರಿಯ ಮೇಲೆ ಸ್ಕೂಟರ್ ನಿಂತಿತ್ತು. ಪಕ್ಕದಲ್ಲಿ ತಾತ, ಮಡಿಲಲ್ಲಿ ಹೆಲ್ಮೆಟ್ಟು.

"ಮುಗೀತಾ?"

"ಮುಗೀತು. ಜನ ಎದ್ದು ನಿಂತು ಶಿಳ್ಳೆ ಹೊಡೆದ್ರು ತಾತ."

ನೀರಿನ ಕಡೆಯೇ ನೋಡುತ್ತ ಕೇಳಿದರು, "ಯಾರಿಗೆ?"

ನನಗೆ ಅಷ್ಟು ವರ್ಷ ಮಾತು ಕಲಿಸಿದವರು ಕೇಳಿದ ಪ್ರಶ್ನೆ. ನಾನು ಅವರ ಪಕ್ಕದಲ್ಲಿ ಕೂತೆ. ಕೊನೆಗೆ ಅವರೇ ಎದ್ದು, "ನಡಿಯವ್ವ, ನಿಮ್ಮಮ್ಮ ಕಾಯ್ತಿರ್ತಾಳೆ. ನಂಗಾಗಲ್ಲ, ನೀನೇ ಒಂದ್ಸಲ ಹೋಗಿ ಸಿದ್ದಲಿಂಗನ್ನ ಕೇಳು" ಎಂದರು. ಪರೀಕ್ಷೆ ಮುಗಿಸಿ ಹೋಗುತ್ತೇನೆ ಎಂದೆ. ಅದೇ ನಮ್ಮ ಕೊನೆಯ ಭೇಟಿ. ಪರೀಕ್ಷೆಗಳ ನಡುವೆಯೇ ಅಮ್ಮನ ಫೋನು ಬಂತು. ಎದೆನೋವು ಎಂದು ಬಾಗಿಲ ಹತ್ತಿರ ಬಂದು ಕೂತವರು ಅಲ್ಲೇ ಹೋಗಿಬಿಟ್ಟಿದ್ದರು.

ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಎಲ್ಲರೂ ಮಣ್ಣು ಹಾಕಿ ಸರಿದ ಮೇಲೆ ತಡವಾಗಿ ಒಬ್ಬ ಮುದುಕರು ಬಂದರು. ಕುಣಿಗಲ್ ಬಸ್ಸು ತಡವಾಯಿತಂತೆ. ಅದೇ ಎತ್ತರ, ಅದೇ ಭುಜ. ಒಂದು ಗಳಿಗೆ ಚನ್ನಪ್ಪ ತಾತನೇ ಬಂದರೇನೋ ಎನಿಸಿತು. ಹೊಸ ಮಣ್ಣಿನ ಅಂಚಿಗೆ ಬಂದು ನಿಂತರು. ಹೆಜ್ಜೆ ಮುಂದಿಡುವ ಮುಂಚೆ ಬಗ್ಗಿ, ಬಲಗೈಯಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಇದರಿಂದ ಏನೂ ಸಾಬೀತಾಗುವುದಿಲ್ಲ, ನನಗೆ ಗೊತ್ತು.

ಅವರು ಮಣ್ಣು ಹಾಕಿ ತಿರುಗುವವರೆಗೆ ಕಾದೆ. ಯಾರ ಮಗಳವ್ವ ನೀನು ಎಂದರು. ಹೇಳಿದೆ. ಓ, ಲಾಯರಮ್ಮ, ಎಂದರು. ಇಬ್ಬರೂ ಸ್ಮಶಾನದ ಗೇಟಿನ ಕಡೆ ನಡೆದೆವು. ಗೇಟಿನ ಹತ್ತಿರ ನಾನು ನಿಂತುಬಿಟ್ಟೆ. ಅವರೂ ನಿಂತರು, ಬೆರಳಿಗೆ ಅಂಟಿದ ಮಣ್ಣನ್ನು ಉಜ್ಜುತ್ತ.

"ತಾತ, ಚನ್ನಪ್ಪ ತಾತ ಕೇಳು ಅಂದಿದ್ರು. ಅವತ್ತು ಎರಡನೇ ಸಲ ಹೆಲ್ಮೆಟ್ಟು ಹಾಕ್ಕೊಂಡು ಬಾಗಿಲಲ್ಲಿ ನಿಂತಾಗ, ನೀವೂ ನೆಲ ಮುಟ್ಟಿದ್ರಾ?"