ನಿಲ್ಲದ ನೇರಳೆ ನೀರು

ಲಾಲಸಾಬನದು ತಾಮ್ರ ಹಿತ್ತಾಳೆಯ ಮೇಲೆ ಪಳಗಿದ ಕೈ. ಕೌಲ್ ಬಜಾರಿನ ಮನೆಮನೆಯ ಹಂಡೆ, ಕೊಳಗಗಳಿಗೆ ಇಪ್ಪತ್ತು ವರ್ಷ ಕಲಾಯಿ ಹಾಕಿದ್ದ. ಅಡಿಗೆಮನೆಗಳಿಗೆ ಸ್ಟೀಲು ಹೊಕ್ಕು ಆ ಕೆಲಸ ಕೈಬಿಟ್ಟ ಕಾಲಕ್ಕೆ ಬಳ್ಳಾರಿಗೆ ಅದಿರಿನ ಸುಗ್ಗಿ ಬಂತು. ಮೊನ್ನೆ ಮೊನ್ನೆ ಸೈಕಲ್ ತುಳಿದವರ ಬಾಗಿಲಲ್ಲೂ ಕಾರು ನಿಂತವು. ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳು ಆ ಕಾರುಗಳ ಮೇಲೆ ಕೂತು, ಬಿಸಿಲಿಗೆ ಬೆಂದು, ಬಣ್ಣವನ್ನೇ ಕಚ್ಚಿಕೊಳ್ಳುತ್ತಿತ್ತು. ಸೋಪಿನ ನೀರಿಗೆ ಅದು ಜಗ್ಗದು. ಮುಟ್ಟಿದರೆ ಉಪ್ಪುಕಾಗದ ಸವರಿದ ಹಾಗೆ.

ಅದನ್ನು ಬಿಡಿಸುವುದೇ ಲಾಲಸಾಬನ ಹೊಸ ಕೆಲಸವಾಯಿತು. ಅದಕ್ಕೆಂದೇ ಚಪಾತಿ ಹಿಟ್ಟಿನಂಥ ಜೇಡಿಯ ಮುದ್ದೆ ಸಿಗುತ್ತಿತ್ತು. ಸೋಪಿನ ನೀರು ಹಾಕುತ್ತ, ಮುದ್ದೆಯನ್ನು ಅಂಗೈಯಲ್ಲಿ ಚಪ್ಪಟೆ ಮಾಡಿ ಉಜ್ಜುತ್ತ ಹೋದರೆ ಕಣಗಳೆಲ್ಲ ಅದಕ್ಕೆ ಅಂಟಿ ಬರುತ್ತಿದ್ದವು. ಒಂದು ಕಾರಿಗೆ ಅರ್ಧ ದಿನ. ಆರು ವರ್ಷ ಹೀಗೆ ಉಜ್ಜಿದ ಮೇಲೆ ಲಾಲಸಾಬನ ಬಲಭುಜದ ಕೀಲು ಹಿಡಿದು, ಕೈ ಎದೆಯ ಮಟ್ಟ ದಾಟದಂತಾಯಿತು. ಇನ್ನು ಉಜ್ಜಿದರೆ ಕೈಯೇ ಇಲ್ಲ ಎಂದರು ಡಾಕ್ಟರು. ಈ ಮಾತು ಗೊತ್ತಿದ್ದದ್ದು ಹೆಂಡತಿ ಶಾಹಜಾನಬಿಗೆ ಮಾತ್ರ. ಗಿರಾಕಿಗಳಿಗೆ ತಿಳಿದರೆ ಬೇರೆ ಕಡೆ ಹೋಗುತ್ತಾರೆ. ಐವತ್ತಾರರ ವಯಸ್ಸಿನಲ್ಲಿ ಮೂರನೆಯ ಕೆಲಸ ಕಲಿಯುವುದಾದರೂ ಯಾವುದನ್ನು?

ಅಂಥ ಹೊತ್ತಿನಲ್ಲಿ ಬ್ರೂಸ್‌ಪೇಟೆಯ ಕಾರು ಸಾಮಾನಿನ ಅಂಗಡಿಯ ಶಶಿಕಾಂತ್ ಒಂದು ಬಾಟಲಿ ಕೊಟ್ಟ.

"ಚಾಚಾ, ಇದಕ್ಕ ಉಜ್ಜೋ ಮಾತೇ ಇಲ್ಲ. ಹೊಡೀರಿ, ಎರಡು ನಿಮಿಷ ಬಿಡ್ರಿ. ಕಬ್ಬಿಣದ ಧೂಳು ಕರಗಿ ನೇರಳೆ ಬಣ್ಣ ಆಗಿ ಇಳೀತೈತಿ. ತೊಳೀರಿ, ಮತ್ತ ಹೊಡೀರಿ. ಬಣ್ಣ ಬರೋದು ನಿಂತ್ರ ಕಾರು ಸ್ವಚ್ಛ ಆದಂಗ."

ಶುಕ್ರವಾರ ಬೆಳಿಗ್ಗೆ ಸಿರುಗುಪ್ಪದ ಅಕ್ಕಿ ಮಿಲ್ಲಿನ ಉಜ್ಜಿನಪ್ಪ ತನ್ನ ಬಿಳಿ ಕಾರು ತಂದ. ಸಂಜೆ ಕುರುಗೋಡಿನಲ್ಲಿ ಹೊಸ ಬೀಗರ ಮನೆಯ ಮುಂದೆ ಅದು ಥಳಥಳ ನಿಲ್ಲಬೇಕಾಗಿತ್ತು. ಲಾಲಸಾಬನಿಗೆ ಶೆಡ್ಡಿಲ್ಲ, ರಸ್ತೆಯ ಅಂಚಿನ ಬೇವಿನ ನೆರಳೇ ಅವನ ಜಾಗ. ಕಾರು ತೊಳೆದು, ಬಿಸ್ಮಿಲ್ಲಾ ಎಂದು ಬಾಟಲಿಯ ಗುಂಡಿ ಒತ್ತಿದ. ಕೊಳೆತ ಮೊಟ್ಟೆಯಂಥ ನಾತ ಎದ್ದಿತು. ನೋಡನೋಡುತ್ತಲೇ ಬಿಳಿ ಬಾಗಿಲ ಮೇಲೆಲ್ಲ ನೇರಳೆ ಗೆರೆ ಮೂಡಿ, ಸೇರಿ, ಧಾರೆಯಾಗಿ ಇಳಿಯತೊಡಗಿತು.

ಚಹಾ ಕುಡಿಯುತ್ತಿದ್ದ ಉಜ್ಜಿನಪ್ಪ ಲೋಟ ಹಿಡಿದೇ ಎದ್ದ.

"ಏ ಲಾಲಸಾಬ! ಬಣ್ಣಾನೇ ಹೊಂಟತಲ್ಲೋ!"

"ಬಣ್ಣ ಅಲ್ರಿ ಸಾವ್ಕಾರ್ರೆ, ಕಬ್ಬಿಣ."

"ಕಬ್ಬಿಣ ಹಿಂಗ ರಕ್ತ ಸುರಿಸ್ತೈತೇನೋ?"

"ಕಾರಿಗೆ ಬಾಣಂತನ ಮಾಡಿಸಾಕ ಹತ್ಯಾನ ನೋಡ್ರಿ," ಎಂದಳು ಪಕ್ಕದ ಚಹಾದಂಗಡಿಯ ಹಂಪಮ್ಮ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ತೊಳೆದ ಮೇಲೆ ಕಾರಿನ ಬಿಳುಪು ಇದ್ದಹಾಗೇ ಇತ್ತು. ಉಜ್ಜಿನಪ್ಪ ಕೂತ. ಲಾಲಸಾಬ ಎರಡನೆಯ ಸಲ ಹೊಡೆದ. ನೇರಳೆ ಇಳಿಯಿತು, ಸ್ವಲ್ಪ ತೆಳ್ಳಗೆ. ಮೂರನೆಯ ಸಲವೂ ಅಷ್ಟೇ ಇಳಿಯಿತು. ಅಷ್ಟರಲ್ಲಿ ಮತ್ತೆರಡು ಅದಿರು ಲಾರಿ ಹಾದು ಹೋದವು. ನಾಲ್ಕನೆಯ ಸಲಕ್ಕೂ ನಿಲ್ಲಲಿಲ್ಲ. ನಾಲ್ಕು ಸಲದಲ್ಲೂ ಕರಗದ ಕಬ್ಬಿಣ ಎಲ್ಲಿತ್ತು? ಇಳಿಯುತ್ತಿರುವುದು ಕಾರಿನ ತಗಡೇ ಇರಬಹುದೆ? ಶಶಿಕಾಂತನಿಗೆ ಫೋನು ಹಚ್ಚಿದರೆ, "ನಿಲ್ಲೋ ತನಕ ಹೊಡೀರಿ ಚಾಚಾ, ಬಾಟ್ಲಿ ಮ್ಯಾಲ ಹಂಗೇ ಬರದಾರ," ಎಂದ.

ಬಾಟಲಿಯಲ್ಲಿ ಉಳಿದದ್ದು ನಾಲ್ಕು ಹನಿ. ಏನು ತೋಚಿತೋ, ಲಾಲಸಾಬ ಅದನ್ನು ಉಜ್ಜಿನಪ್ಪ ಎದ್ದು ಖಾಲಿ ಬಿಟ್ಟಿದ್ದ ಹಂಪಮ್ಮನ ಬಿಳಿ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಹೊಡೆದ. ಅದೂ ನೇರಳೆಯಾಯಿತು.

ಮೂವರೂ ಕುರ್ಚಿಯನ್ನೇ ನೋಡಿದರು.

"ಮುಂಜಾನಿ ತೊಳದೀನಿ ಅದನ್ನ," ಎಂದಳು ಹಂಪಮ್ಮ. "ಕುರ್ಚಿ ಒಳಗ ಎಲ್ಲಿ ಕಬ್ಬಿಣ ಬಂತು?"

"ಗಾಳಿ ಒಳಗ ಐತವ್ವ," ಎಂದ ಲಾಲಸಾಬ ಮೆಲ್ಲಗೆ. "ತೊಳದು ಮುಗಿಸೋದ್ರಾಗ ಹೊಸದು ಕುಂದರತೈತಿ."

"ಹಂಗಾರ ಇದು ನಿಲ್ಲೋದು ಯಾವಾಗ?" ಉಜ್ಜಿನಪ್ಪ ಕೇಳಿದ. "ನನ್ನ ಕಾರು ಸ್ವಚ್ಛ ಆತೋ ಇಲ್ಲೋ? ಅದನ್ನಷ್ಟು ಹೇಳು."

ಬಾಟಲಿಯ ಮಾತು ನಂಬಿದರೆ ಇಲ್ಲ. ಕಣ್ಣು ನಂಬಿದರೆ ಹೌದು. ಲಾಲಸಾಬ ಬ್ರೆಡ್ಡಿನ ತೆಳು ಪ್ಲಾಸ್ಟಿಕ್ ಚೀಲವೊಂದನ್ನು ಎಡಗೈಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಾನೆಟ್ಟಿನ ಮೇಲೆ ಬೆರಳಾಡಿಸಿದ. ಪ್ಲಾಸ್ಟಿಕ್ಕಿನ ಒಳಗಿನಿಂದ ಸಣ್ಣ ಕಣವೂ ದೊಡ್ಡದಾಗಿ ತಿಳಿಯುತ್ತದೆ. ಬಾನೆಟ್ಟು ನುಣ್ಣಗಿತ್ತು. ಬಾಗಿಲುಗಳೂ. ಹಿಂದಿನ ಚಕ್ರದ ಮೇಲೆ ಒಂದು ಗೇಣು ಜಾಗ ಮಾತ್ರ ಇನ್ನೂ ಚುಚ್ಚಿತು.

"ಇಷ್ಟು ಉಳದೈತ್ರಿ," ಎಂದು ಡಬ್ಬಿಯಿಂದ ಹಳೆಯ ಜೇಡಿಮುದ್ದೆ ತೆಗೆದು, ಕುಕ್ಕರಗಾಲಲ್ಲಿ ಕೂತು ಉಜ್ಜತೊಡಗಿದ.

"ಎಡಗೈಯಾಗ ಯಾಕ?" ಎಂದ ಉಜ್ಜಿನಪ್ಪ.

ಲಾಲಸಾಬ ಮುದ್ದೆ ಮಡಚಿ ಮತ್ತೆ ಉಜ್ಜಿದ.

"ನಿನ್ನನ್ನ ಕೇಳಾಕ ಹತ್ತೀನಿ."

"ಬಲಗೈ ಬರಂಗಿಲ್ರಿ. ನಾಲ್ಕು ತಿಂಗಳಾತು. ಇಡೀ ಕಾರು ಉಜ್ಜಾಕ ಆಗಂಗಿಲ್ಲ. ಅದಕ್ಕ ಈ ಬಾಟ್ಲಿ ತಂದಿದ್ದೆ."

ಹೇಳಿ ಮುಗಿಸಿದ ಮೇಲೆ, ಬಾಯಿ ಯಾಕೆ ಬಿಟ್ಟೆನೋ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಉಜ್ಜಿನಪ್ಪ ಆ ಬ್ರೆಡ್ಡಿನ ಚೀಲ ತಾನೂ ಕೈಗೆ ಹಾಕಿಕೊಂಡು ಬಾಗಿಲ ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಸವರಿದ. ಅವನಿಗೇನು ತಿಳಿಯಿತೋ ಮುಖದಲ್ಲಿ ಕಾಣಲಿಲ್ಲ.

"ಮುಂದಿನ ವಾರ ನನ್ನ ಜೀಪು ಸಿರುಗುಪ್ಪದಾಗ ಮಾಡಾಕ ಬಾ. ಗೋಡೌನ್ ಐತಿ, ಬಾಗಿಲು ಹಾಕ್ಕೊಂಡು ಮಾಡು. ನಡುರಸ್ತೆದಾಗ ಕುಂತು ಗಾಳಿ ಕೂಡ ಯಾಕ ಗುದ್ದಾಡ್ತಿ?"

"ಅಲ್ಲೂ ನಿಲ್ಲಲಿಲ್ಲಾಂದ್ರ?"

"ನನ್ನೇನು ಕೇಳ್ತಿ? ನಾನು ಅಕ್ಕಿ ಮಾರಾಂವ."

ನಮಾಜು ಮುಗಿಸಿ ಮನೆಗೆ ಬಂದಾಗ ಶಾಹಜಾನಬಿ ತಟ್ಟೆ ಇಟ್ಟು ಕಾಯುತ್ತಿದ್ದಳು.

"ಬಾಟ್ಲಿ ಕೆಲಸ ಮಾಡ್ತೇನ್ರಿ?"

"ಮಾಡ್ತು ಅನ್ನಬೇಕೋ, ಇಲ್ಲ ಅನ್ನಬೇಕೋ ತಿಳೀವಲ್ದು." ಅವನು ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತ. "ನಿಲ್ಲೋ ತನಕ ಹೊಡೀರಿ ಅಂತ ಬರದಾರಲ್ಲ, ಬರದಾಂವ ಯಾವ ಊರಾಂವ ಇರಬೇಕು?"

"ಯಾವ ಊರಾಂವರೆ ಇರಲಿ. ಭುಜ ನೋಯಾಕ ಹತ್ತೈತೇನು?"

ಲಾಲಸಾಬ ಬಲಗೈಯನ್ನು ನಿಧಾನ ಎತ್ತಿ ನೋಡಿದ. ಎದೆಯ ಮಟ್ಟಕ್ಕೆ ಬಂದು ನಿಂತಿತು. ಆದರೆ ಬೆಳಿಗ್ಗೆಗಿಂತ ಹೆಚ್ಚು ನೋವಿರಲಿಲ್ಲ.

"ಇಲ್ಲ," ಎಂದ. "ನಾಳಿ ಇನ್ನೆರಡು ಬಾಟ್ಲಿ ತರ್ತೀನಿ."