ಅಮಾನತಿನಲ್ಲಿದ್ದ ದಿಂಬು

ಸರ್ಕಾರಿ ಜೀಪಿನ ಡ್ರೈವರಿಗೆ ಕಚೇರಿಯವರು ಇಟ್ಟ ಹೆಸರು ದಿಂಬಣ್ಣ. ಆಳು ಗಿಡ್ಡ. ಬರೀ ಸೀಟಿನ ಮೇಲೆ ಕೂತರೆ ಗಾಜಿನಾಚೆ ರಸ್ತೆಗಿಂತ ಆಕಾಶವೇ ಹೆಚ್ಚು ಕಾಣುತ್ತಿತ್ತು. ಆದ್ದರಿಂದ ಸೀಟು ಪೂರ್ತಿ ಮುಂದಕ್ಕೆ, ಅದರ ಮೇಲೆ ಹೆಂಡತಿ ಹಳೆಯ ಕಂಬಳಿ ಮಡಿಸಿ ಹೊಲಿದುಕೊಟ್ಟ ನೀಲಿ ದಿಂಬು, ಅದರ ಮೇಲೆ ದಿಂಬಣ್ಣ. ಸಾಹೇಬರುಗಳು ಬಂದರು, ಹೋದರು. ಜೀಪಿಗೆ ಒಂದು ಗೀರೂ ಬಿದ್ದಿರಲಿಲ್ಲ. ಈ ಸಂಗತಿಯನ್ನು ಅವನು ಕೇಳಿದವರಿಗೆ ಹೇಳುತ್ತಿದ್ದ. ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಿದ್ದ.

ಹೊಸದಾಗಿ ಬಂದ ಸಾಹೇಬರು ಏಣಿಗೆ ಕೋಟು ತೊಡಿಸಿದಂತಿದ್ದರು. ತಮಗೆ ಬಾರದ ವಿದ್ಯೆಯೇ ಇಲ್ಲ ಎಂಬುದು ಅವರ ನಂಬಿಕೆ. ಒಂದು ರಜೆಯ ಮಧ್ಯಾಹ್ನ ಕಚೇರಿಯಲ್ಲಿ ಅವರಿಬ್ಬರೇ ಇದ್ದಾಗ, "ಕೀ ಇಟ್ಟು ಊಟಕ್ಕೆ ಹೋಗಯ್ಯಾ" ಎಂದರು. ದಿಂಬಣ್ಣ ಊಟ ಮುಗಿಸಿ ಬಂದು ನೋಡಿದರೆ ಜೀಪು ಗೇಟಿನ ಕಂಬಕ್ಕೆ ಮುತ್ತಿಡುತ್ತಿತ್ತು. ಪಕ್ಕದಲ್ಲಿ ಸಾಹೇಬರು ಕೈಕಟ್ಟಿ ನಿಂತು ಮೋಡಗಳನ್ನು ಪರಿಶೀಲಿಸುತ್ತಿದ್ದರು.

ಮಾರನೆಯ ದಿನ ಅಮಾನತಿನ ಆದೇಶ ಬಂತು. ಜೀಪನ್ನು ಅಜಾಗರೂಕತೆಯಿಂದ ಓಡಿಸಿದವನು ದಿಂಬಣ್ಣನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಟೈಪು ಮಾಡಿ ಕೆಳಗೆ ಮೊಹರು ಒತ್ತಿದಂತಿತ್ತು.

ಕಚೇರಿಯ ಸೂಪರಿಂಟೆಂಡೆಂಟರಿಗೆ ನಿಯಮವೆಂದರೆ ಪ್ರಾಣ, ಮೊಹರೆಂದರೆ ಅದಕ್ಕಿಂತ ಒಂದು ತೂಕ ಹೆಚ್ಚು. ಯಾರನ್ನೂ ಒಳಗೆ ಹತ್ತಲು ಬಿಡದೆ ಜೀಪನ್ನು ಶೆಡ್ಡಿಗೆ ತಳ್ಳಿಸಿ, ಬೀಗ ಹಾಕಿಸಿ, ಬೀಗಕ್ಕೆ ಅರಗಿನ ಮುದ್ರೆ ಒತ್ತಿ, ಮುದ್ರೆಯ ಚೀಟಿಗೆ ಸಾಹೇಬರ ರುಜುವನ್ನೂ ಪಡೆದಿದ್ದರು. ಆಮೇಲೆ ದಿಂಬಣ್ಣನನ್ನು ಕೂರಿಸಿಕೊಂಡು ವಿವರಿಸಿದರು.

"ನೋಡಪ್ಪಾ, ಅಮಾನತು ಅಂದ್ರೆ ಶಿಕ್ಷೆ ಅಲ್ಲ. ವಿಚಾರಣೆ ಮುಗಿಯೋವರೆಗೂ ಕೆಲಸದಿಂದ ದೂರ ಇರು ಅಂತ, ಅಷ್ಟೇ. ಅರ್ಧ ಸಂಬಳ ಬರುತ್ತೆ. ಅಪ್ಪಣೆ ಇಲ್ದೆ ಊರು ಬಿಡಬಾರದು. ಬೇರೆ ಕಡೆ ದುಡೀಬಾರದು."

"ಇದು ಶಿಕ್ಷೆ ಅಲ್ಲ ಅಂದ್ರೆ, ಶಿಕ್ಷೆ ಹೇಗಿರುತ್ತೆ ಸಾರ್?"

"ಅದಕ್ಕೆ ಬೇರೆ ನಿಯಮ ಇದೆ" ಎಂದರು ಅವರು, ಗಂಭೀರವಾಗಿ. ಆಮೇಲೆ ದನಿ ತಗ್ಗಿಸಿ, "ತಪ್ಪಾಯ್ತು ಅಂತ ಒಂದು ಗೆರೆ ಬರೆದುಕೊಟ್ಟುಬಿಡು. ಸಾಹೇಬರು ಅಮಾನತು ತೆಗೀತಾರಂತೆ" ಎಂದರು.

"ನಾನು ಓಡಿಸಿಲ್ಲ ಸಾರ್" ಎಂದು ದಿಂಬಣ್ಣ ಎದ್ದು ಬಂದ.

ಮನೆಯಲ್ಲಿ ಕೂತ ಡ್ರೈವರು ಮನೆಯವರಿಗೆ ಎಷ್ಟು ಭಾರ ಎಂಬುದು ಹೆಂಡತಿಗೆ ಬೇಗ ಗೊತ್ತಾಯಿತು. ಅವಳು ಬಿಸಿ ಪಾತ್ರೆ ಹಿಡಿದು ತಿರುಗಿದರೆ "ನಿಧಾನ, ಎಡಕ್ಕೆ, ಎಡಕ್ಕೆ" ಎನ್ನುತ್ತಿದ್ದ. ಕುರ್ಚಿಯಲ್ಲಿ ಕೂತಲ್ಲೇ ಬಲಗಾಲು ಬ್ರೇಕು ಒತ್ತುತ್ತಿತ್ತು.

"ರೀ, ಒಂದು ಗೆರೆ ಬರೆದುಕೊಟ್ರೆ ನಿಮ್ಮ ಕಿರೀಟ ಬಿದ್ದುಹೋಗುತ್ತಾ?"

"ಬೀಳೋಕೆ ನನ್ಹತ್ರ ಇರೋದು ಅದೊಂದೇ ಕಣೇ."

ಅವಳು ಒಲೆಯ ಉರಿ ತಗ್ಗಿಸಿ ಅವನತ್ತ ತಿರುಗಿದಳು. "ಹಾಗಾದ್ರೆ ಬರೀಬೇಡಿ. ಆದ್ರೆ ದಿಂಬು ತಗೊಂಡು ಬನ್ನಿ. ಜೀಪು ಸರ್ಕಾರದ್ದು; ಕಂಬಳಿ ನಂದು."

ದಿಂಬಣ್ಣ ಹೋಗಿ ಕೇಳಿದ. ವಿಚಾರಣೆಯಲ್ಲಿರುವ ವಾಹನದಿಂದ ಒಂದು ಮೊಳೆಯನ್ನೂ ತೆಗೆಯುವಂತಿಲ್ಲ ಎಂದರು ಸೂಪರಿಂಟೆಂಡೆಂಟರು. ಬರಿಗೈಲಿ ಬಂದ ಗಂಡನನ್ನು ನೋಡಿ ಹೆಂಡತಿ, "ಅಂದ್ರೆ ದಿಂಬಿಗೂ ಅಮಾನತಾ? ಅದಕ್ಕಾದ್ರೂ ಪೂರ್ತಿ ಸಂಬಳ ಕೊಡ್ತಾರಾ ಕೇಳಿ" ಎಂದಳು.

ಅವನು ಮತ್ತೆ ಹೋದ, ಮತ್ತೆ ಅದೇ ಉತ್ತರ ಸಿಕ್ಕಿತು. ಹೊರಡುವಾಗ ಮನಸ್ಸು ತಡೆಯದೆ ಶೆಡ್ಡಿನ ಕಿಟಕಿಗೆ ಹಣೆ ಒತ್ತಿ, ತನ್ನ ಜೀಪು ಹೇಗಿದೆಯೋ ಎಂದು ಇಣುಕಿದ. ನಜ್ಜುಗುಜ್ಜಾದ ಮೂತಿ ನೋಡಿ ಲೊಚಗುಟ್ಟಿದ. ಆಮೇಲೆ ಕಣ್ಣು ಒಳಗೆ ಹೋಯಿತು. ನೀಲಿ ದಿಂಬು ಹಿಂದಿನ ಸೀಟಿನ ಮೂಲೆಯಲ್ಲಿ ಬೇಡದ ನೆಂಟನಂತೆ ಬಿದ್ದಿತ್ತು. ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು.

ದಿಂಬಣ್ಣ ನೇರ ಸೂಪರಿಂಟೆಂಡೆಂಟರ ಮೇಜಿಗೆ ವಾಪಸು ಬಂದ. "ಸಾರ್, ದಿಂಬು ಅಲ್ಲೇ ಇರಲಿ. ನಿಯಮ ಅಂದ್ರೆ ನಿಯಮ. ಆ ಬೀಗ ಮಾತ್ರ ಯಾರಿಗೂ ತೆಗೀಬೇಡಿ."

ತಮ್ಮ ನೌಕರಿಯಲ್ಲೇ ಇಂಥ ಮಾತು ಕೇಳಿರದ ಅವರಿಗೆ ಕಣ್ಣು ತುಂಬಿ ಬಂತು. ಈ ಪರಿವರ್ತನೆಯನ್ನು ಅವರು ಸಾಹೇಬರಿಗೂ ವರ್ಣಿಸಿದರು; ಕಿಟಕಿಯಲ್ಲಿ ಇಣುಕಿದ್ದನ್ನೂ ಸೇರಿಸಿ.

ಸಾಹೇಬರು ಕೂಡಲೇ ದಿಂಬಣ್ಣನನ್ನು ಕರೆಸಿದರು. ದನಿ ಜೇನಾಗಿತ್ತು. "ಪಾಪ, ಒಂದು ದಿಂಬಿಗೆ ಎಷ್ಟು ಸಲ ಅಲೀತೀಯಯ್ಯಾ! ಈಗಲೇ ಶೆಡ್ ತೆಗೆಸ್ತೀನಿ, ತಗೊಂಡು ಹೋಗು. ಹಾಗೇ ಈ ಕಾಗದಕ್ಕೆ ಒಂದು ಸಹಿ ಹಾಕು, ನಾಳೆ ಕೆಲಸಕ್ಕೆ ಬಾ. ಇಬ್ಬರಿಗೂ ಒಳ್ಳೇದು."

ಮನೆ ಬಾಡಿಗೆ, ಮಗಳ ಫೀಸು, ಹೆಂಡತಿಯ ಹರಿದ ಚಪ್ಪಲಿ ಎಲ್ಲವೂ ದಿಂಬಣ್ಣನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಅವನು ಕಾಗದವನ್ನು ಮುಟ್ಟಲಿಲ್ಲ.

"ನನಗೆ ದಿಂಬು ಬೇಡ ಸಾರ್. ವಿಚಾರಣೆ ಬೇಕು."

"ಶೆಡ್ ತೆಗೀರಿ!" ಎಂದು ಸಾಹೇಬರು ಗುಡುಗಿದರು.

ಪಕ್ಕದಲ್ಲಿ ನಿಂತಿದ್ದ ಸೂಪರಿಂಟೆಂಡೆಂಟರು ಅವರಿಗಿಂತ ಗಾಬರಿಯಾಗಿ, "ಆಗಲ್ಲ ಸಾರ್! ಮುದ್ರೆ ಮೇಲೆ ನಿಮ್ಮದೇ ರುಜು ಇದೆ!" ಎಂದರು.

ಬೇರೆ ಇಲಾಖೆಯಿಂದ ಬಂದ ವಿಚಾರಣಾಧಿಕಾರಿ ಕಡಿಮೆ ಮಾತಿನ ಹೆಂಗಸು. ಎರಡೂ ಕಡೆಯ ಹೇಳಿಕೆ ಬರೆದುಕೊಂಡು, "ನಿನಗೆ ಇನ್ನೇನಾದರೂ ಹೇಳೋದಿದೆಯಾ?" ಎಂದರು.

"ಹೇಳೋದೇನೂ ಇಲ್ಲ ಮೇಡಂ. ಆ ಸೀಟಲ್ಲಿ ಹಾಗೇ ಒಂದ್ಸಲ ಕೂರಬೇಕು."

ಮುದ್ರೆ ಒಡೆಯಿತು. ದಿಂಬಣ್ಣ ಏನನ್ನೂ ಸರಿಸದೆ ಹತ್ತಿ ಕೂತ. ಹೊರಗಿನವರಿಗೆ ಕಂಡದ್ದು ಸ್ಟೀರಿಂಗಿನ ಮೇಲೆ ಎರಡು ಕಣ್ಣು ಮಾತ್ರ.

"ಬ್ರೇಕ್ ಒತ್ತು."

ಕಾಲು ಚಾಚಿದ. ಬೂಟಿನ ತುದಿ ಪೆಡಲಿಗೆ ಒಂದು ಗೇಣು ಈಚೆಗೇ ನಿಂತು ಗಾಳಿಯಲ್ಲಿ ಆಡಿತು. ಮೇಡಂ ಹಿಂದಿನ ಸೀಟಿನ ದಿಂಬು ನೋಡಿದರು. ಆಮೇಲೆ ಸಾಹೇಬರನ್ನು ಬುಡದಿಂದ ತುದಿಯವರೆಗೆ, ಆತುರವಿಲ್ಲದೆ ನೋಡಿದರು.

"ನೀವೂ ಒಂದ್ಸಲ ಕೂತು ನೋಡ್ತೀರಾ?"

ಅಳತೆ ಕೊಟ್ಟು ಹೊಲಿಸಿದ ಕೋಟಿನಂತೆ ಆ ಸೀಟು ಸಾಹೇಬರಿಗೆ ಒಪ್ಪಿತು.

ಕೊನೆಯ ಆದೇಶದಲ್ಲಿ ಸಾಹೇಬರ ಹೆಸರೆತ್ತಿರಲಿಲ್ಲ. ಕಂಬ ತಾನಾಗಿಯೇ ನಡೆದು ಬಂದು ಗುದ್ದಿತು ಎನ್ನುವ ಹಾಗಿತ್ತು ಭಾಷೆ. ಆದರೆ ದಿಂಬಣ್ಣನ ಮೇಲಿನ ಆರೋಪ ಸಾಬೀತಾಗಿಲ್ಲ, ಅಮಾನತು ತೆರವಾಗಿದೆ, ಆ ಅವಧಿಯನ್ನೂ ಕೆಲಸವೆಂದೇ ಎಣಿಸಿ ಬಾಕಿ ಸಂಬಳ ಕೊಡಬೇಕು ಎಂದು ಸ್ಪಷ್ಟವಾಗಿತ್ತು.

ರಿಪೇರಿಯಾಗಿ ಬಂದ ಜೀಪಿನ ಪಕ್ಕ ಸಾಹೇಬರು ಬಿಸಿಲಲ್ಲಿ ಕಾಯುತ್ತಿದ್ದರು. ದಿಂಬಣ್ಣ ಸೀಟನ್ನು ಮುಂದಕ್ಕೆ ಎಳೆದ. ದಿಂಬಿನ ಧೂಳು ಕೊಡವಿದ. ಒಮ್ಮೆ ಸಾಕಾಗಿತ್ತು, ಇನ್ನೊಮ್ಮೆ ಕೊಡವಿದ. ಹತ್ತಿ ಕೂತು, ರಸ್ತೆ ಕಾಣುತ್ತದೆ ಎಂದು ಖಾತ್ರಿ ಮಾಡಿಕೊಂಡು, ಹಿಂದಿನ ಬಾಗಿಲು ತೋರಿಸಿದ.

"ಹತ್ತಿ ಸಾರ್. ತಲೆ ಜೋಪಾನ."