ಕೆಂಪು ಚುಕ್ಕೆಯ ಇಟ್ಟಿಗೆಗಳು

ತೋರ್ಬೆನ್ ಕ್ವಿಸ್ಟ್ ಮೂವತ್ತೊಂದು ವರ್ಷದಿಂದ ನಮ್ಮ ಭಾಗದ ದನದ ಹಟ್ಟಿಗಳಿಂದ ಹಾಲು ತುಂಬಿಕೊಂಡು ಡೇರಿಗೆ ಸಾಗಿಸುವ ಟ್ಯಾಂಕರ್ ಓಡಿಸುತ್ತಿದ್ದಾನೆ. ಈಗ ಅವನಿಗೆ ಐವತ್ತಾರು. ಮದುವೆಯಾಗಿಲ್ಲ. ಎದುರಿನ ಎರಡು ಹಲ್ಲು ಅವನವಲ್ಲ. ಹಿಂದೊಮ್ಮೆ ಹಾಲಿನ ಪೈಪು ಕಳಚಿ ಬಡಿದಾಗ ಮುರಿದವು, ಆಮೇಲೆ ಕಟ್ಟಿಸಿಕೊಂಡ. ಡೆನ್ಮಾರ್ಕಿನ ಪಶ್ಚಿಮ ಕರಾವಳಿಯ ಈ ಬಯಲಿನಲ್ಲಿ ಗಾಳಿಗೆ ಮರಗಳೂ ಒಂದೇ ಕಡೆ ಬಾಗಿ ಬೆಳೆಯುತ್ತವೆ, ಜನರು ಮಾತು ಉಳಿಸಿ ಬದುಕುತ್ತಾರೆ. ತೋರ್ಬೆನ್ ಬಹಳ ಸಂತೋಷವಾದಾಗ ಹೇಳುವುದು ಒಂದೇ: "ಅಷ್ಟೇನೂ ಕೆಟ್ಟದಾಗಿಲ್ಲ." ನಾನು ಅವನ ಬೇಲಿಯ ಆಚೆಯವನು. ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ಐದಾರು ಸಲ ಕೇಳಿರಬಹುದು.

ಕಳೆದ ಸೆಪ್ಟೆಂಬರಿನಲ್ಲಿ ಅವನು ಹುಟ್ಟಿ ಬೆಳೆದ, ಈಗಲೂ ಇರುವ ಮನೆಯ ಅಟ್ಟಕ್ಕೆ ಚಳಿ ತಡೆಯುವ ಹತ್ತಿ ತುಂಬಿಸುವ ಕೆಲಸ ನಿಗದಿಯಾಯಿತು. ಸೋಮವಾರ ಕೆಲಸದವರು ಬರುವ ಮುಂಚೆ ಅಟ್ಟ ಖಾಲಿಯಾಗಬೇಕಿತ್ತು. ನಾನು ಏಣಿ ಹಿಡಿದೆ, ಅವನು ಒಂದೊಂದೇ ಇಳಿಸಿದ. ಹಳೆಯ ಸ್ಕೇಟುಗಳು, ಅಪ್ಪನ ಮಳೆ ಅಂಗಿ, ಕೊನೆಗೆ ಬಾಳೆಹಣ್ಣಿನ ನಾಲ್ಕು ರಟ್ಟಿನ ಪೆಟ್ಟಿಗೆಗಳು. ಅವುಗಳ ತುಂಬ ಲೆಗೊ ಇಟ್ಟಿಗೆ, ಮಕ್ಕಳು ಒಂದಕ್ಕೊಂದು ಸಿಕ್ಕಿಸಿ ಆಡುವ ಪ್ಲಾಸ್ಟಿಕ್ ತುಂಡುಗಳು. ಕೆಂಪು, ಬಿಳಿ, ಹಳದಿ, ನೀಲಿ. ಬಿಳಿಯವು ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದ್ದವು. ಪೆಟ್ಟಿಗೆ ಅಲುಗಿದಾಗ ಆದ ಸದ್ದಿಗೆ ಅವನು ಏಣಿಯ ಮೇಲೆಯೇ ಒಂದು ಕ್ಷಣ ನಿಂತ.

"ಇದನ್ನೇನು ಮಾಡ್ತೀಯ?" ಎಂದೆ.

"ಮಾರ್ತೀನಿ," ಎಂದ. "ನನಗೆ ಮಕ್ಕಳಿಲ್ಲ. ಆಡೋ ವಯಸ್ಸೂ ನನ್ನದಲ್ಲ."

ಕಿರಾಣಿ ಅಂಗಡಿಯ ಫಲಕದಲ್ಲಿ ಚೀಟಿ ಅಂಟಿಸಿದ. ಮರುದಿನವೇ ಯುಟ್ಟೆ ಎಂಬ ಹೆಂಗಸು ಫೋನ್ ಮಾಡಿದಳು. ಆಕೆ ಹಳೆಯ ಇಟ್ಟಿಗೆಗಳನ್ನು ತೂಕದ ಲೆಕ್ಕದಲ್ಲಿ ಕೊಂಡು, ಬೇರ್ಪಡಿಸಿ ಮಾರುವವಳು. ಶನಿವಾರ ಹನ್ನೊಂದಕ್ಕೆ ಬರುತ್ತೇನೆಂದಳು.

ಕೊಳೆಯಾದ ವಸ್ತುವನ್ನು ಕೊಳ್ಳುವವರ ಮುಂದಿಡುವುದು ನಮ್ಮಲ್ಲಿ ನಾಚಿಕೆಯ ಸಂಗತಿ. ತೋರ್ಬೆನ್‌ಗೆ ತೊಳೆಯುವ ಕ್ರಮ ಒಂದೇ ಗೊತ್ತು, ಟ್ಯಾಂಕರಿನದು. ಮೊದಲು ತಣ್ಣೀರು, ಆಮೇಲೆ ಕ್ಷಾರ, ಆಮೇಲೆ ಆಮ್ಲ, ಕೊನೆಗೆ ಮತ್ತೆ ತಣ್ಣೀರು. ಬುಧವಾರ ಮಧ್ಯಾಹ್ನ ಶೆಡ್ಡಿನಲ್ಲಿ ಹಳೆಯ ಹಾಲಿನ ಕ್ಯಾನುಗಳಿಗೆ ಇಟ್ಟಿಗೆ ಸುರಿದು, ಬಿಸಿಗೆ ಅವು ಸೊಟ್ಟಗಾಗಬಾರದೆಂದು ಉಗುರುಬೆಚ್ಚನೆಯ ನೀರಿಗೆ ಕ್ಷಾರ ಬೆರೆಸಿ ನೆನೆಹಾಕಿದ. ಗುರುವಾರ ನೀರು ಚೆಲ್ಲುವಾಗ ಅದರಲ್ಲಿ ಸಣ್ಣ ಸಣ್ಣ ಕೆಂಪು ಹೊಟ್ಟು ತೇಲುತ್ತಿತ್ತಂತೆ. ಯಾವುದೋ ಇಟ್ಟಿಗೆ ಬಣ್ಣ ಬಿಟ್ಟಿರಬೇಕು ಅಂದುಕೊಂಡ. ಇಟ್ಟಿಗೆಗಳನ್ನು ಹಳೆಯ ಹೊದಿಕೆಯ ಮೇಲೆ ಹರವಿ ಒಣಗಿಸಿದ. ಅವು ಹೊಸದರಂತೆ ಹೊಳೆಯುತ್ತಿದ್ದವು. "ಅಷ್ಟೇನೂ ಕೆಟ್ಟದಾಗಿಲ್ಲ," ಎಂದು ನನ್ನನ್ನು ಕರೆದು ತೋರಿಸಿದ.

ಅದೇ ಸಂಜೆ ದೋರ್ತೆಯ ಫೋನ್ ಬಂತು.

ದೋರ್ತೆ ಅವನ ಅಕ್ಕ, ಎರಡು ವರ್ಷ ದೊಡ್ಡವಳು. ಹದಿನೈದು ಕಿಲೋಮೀಟರ್ ಆಚೆಯ ಊರಿನಲ್ಲಿ ಮುದುಕರ ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸ. ಮೂರು ವರ್ಷದಿಂದ ಅಕ್ಕ ತಮ್ಮಂದಿರ ನಡುವೆ ಮಾತಿರಲಿಲ್ಲ, ಕ್ರಿಸ್‌ಮಸ್ ಕಾರ್ಡು ಮಾತ್ರ. ತಾಯಿ ತೀರಿಕೊಂಡ ಮೇಲೆ ಮನೆಯ ಸಾಮಾನನ್ನು ಇಲ್ಲಿನ ವಾಡಿಕೆಯಂತೆ ದಾಳ ಹಾಕಿ ಹಂಚಿಕೊಂಡಿದ್ದರು. ಹೆಚ್ಚು ಬಿದ್ದವರು ಮೊದಲು ಆರಿಸಿಕೊಳ್ಳುವುದು. ತೋರ್ಬೆನ್‌ಗೆ ಆರು ಬಿತ್ತು. ಕೈಗೆ ಹತ್ತಿರವಿದ್ದ ನೀಲಿ ಕಾಫಿ ಕೆಟಲನ್ನು ಎತ್ತಿಕೊಂಡ. ಅದನ್ನೇ ನೋಡುತ್ತಿದ್ದ ದೋರ್ತೆ "ಪರವಾಗಿಲ್ಲ" ಎಂದಳು. ಆ ಮಾತಿನ ಅರ್ಥ ಅವನಿಗೆ ತಿಳಿಯಲು ಆರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವಳು ಫೋನ್ ಎತ್ತುವುದನ್ನು ಬಿಟ್ಟಿದ್ದಳು.

ಹಾಗಾಗಿ ಗುರುವಾರ ಅವಳ ದನಿ ಕೇಳಿ ಅವನಿಗೆ ಹಿಗ್ಗಾಯಿತು. ಬಂದದ್ದು ಬೈಗುಳವೆಂದು ತಿಳಿಯುವುದಕ್ಕೆ ಸ್ವಲ್ಪ ಹೊತ್ತಾಯಿತು.

"ಕೆಲಸಕ್ಕೆ ನಿಮ್ಮೂರ ಕಡೆ ಬಂದಿದ್ದೆ, ಅಂಗಡೀಲಿ ಚೀಟಿ ನೋಡ್ದೆ. ನಮ್ಮ ಇಟ್ಟಿಗೆ ಮಾರ್ತಿದೀಯಂತೆ?"

"ಹೂಂ. ಅಟ್ಟ ಖಾಲಿ ಮಾಡ್ಬೇಕು."

"ನಿನ್ನದನ್ನ ಮಾರ್ಕೋ ತಮ್ಮಾ. ನನ್ನದನ್ನ ಮುಟ್ಟಬೇಡ. ನನ್ನದರ ಕೆಳಗಡೆ ಕೆಂಪು ಚುಕ್ಕೆ ಇದೆ, ಗೊತ್ತಲ್ಲ. ಅಮ್ಮ ಉಗುರಿನ ಬಣ್ಣದಲ್ಲಿ ಹಾಕಿದ್ದು. ಚುಕ್ಕೆ ಇರೋದನ್ನೆಲ್ಲ ಬೇರೆ ಇಡು, ಶನಿವಾರ ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ."

ಫೋನಿಟ್ಟ ಮೇಲೆ ತೋರ್ಬೆನ್ ಶೆಡ್ಡಿಗೆ ಹೋಗಿ ಇಟ್ಟಿಗೆಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಒಂದರಲ್ಲೂ ಚುಕ್ಕೆ ಇಲ್ಲ. ತೇಲಿದ ಕೆಂಪು ಹೊಟ್ಟು ಏನೆಂದು ಆಗ ಹೊಳೆಯಿತು. ಅಕ್ಕನ ಭಾಗದ ಗುರುತೆಲ್ಲ ಚರಂಡಿಗೆ ಹೋಗಿತ್ತು.

ಶುಕ್ರವಾರ ಬೆಳಿಗ್ಗೆ ಬೇಲಿಯ ಬಳಿ ಸಿಕ್ಕಾಗ ನಡೆದದ್ದೆಲ್ಲ ಹೇಳಿದ. "ಹೇಳ್ಬಿಡಲಾ? ಈಗಲೇ ಫೋನ್ ಮಾಡಿ?" ಎಂದು ನನ್ನನ್ನು ಕೇಳಿದ. ಹೇಳು ಎಂದೆ. "ಹೇಳಿದ್ರೆ ಬರೋದೇ ಇಲ್ಲ," ಎಂದ. ಹಾಗಾದರೆ ಹೇಳಬೇಡ ಎಂದೆ. "ಹೇಳದೇ ಇದ್ರೆ ಬಂದು ನೋಡಿ ವಾಪಸ್ ಹೋಗ್ತಾಳೆ," ಎಂದ. ಹೇಳಲಿಲ್ಲ.

ಶನಿವಾರ ಒಂಬತ್ತಕ್ಕೆ ದೋರ್ತೆ ಬಂದಳು. ಕೈಯಲ್ಲಿ ಕೇಕಿನ ಡಬ್ಬಿ. ಸಿಟ್ಟಿದ್ದರೂ ಇಲ್ಲಿ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಪೆಟ್ಟಿಗೆ ಎತ್ತಲು ತೋರ್ಬೆನ್ ನನ್ನನ್ನು ಕರೆದಿದ್ದ. ನಿಜವಾಗಿ ಮೂರನೆಯವರೊಬ್ಬರು ಇರಲೆಂದು ಕರೆದದ್ದು. ಅಡುಗೆಮನೆಯ ಮೇಜಿನ ಮೇಲೆ ಇಟ್ಟಿಗೆಗಳ ರಾಶಿಯಿತ್ತು. ಕಿಟಕಿಯ ಬಳಿ ನೀಲಿ ಕೆಟಲ್, ಅದರೊಳಗೆ ಮರದ ಸೌಟುಗಳು. ದೋರ್ತೆ ಮೊದಲು ಅದನ್ನು ನೋಡಿದಳು, ಆಮೇಲೆ ಒಂದು ಇಟ್ಟಿಗೆ ಎತ್ತಿ ಮಗುಚಿದಳು.

"ಚುಕ್ಕೆ ಎಲ್ಲಿ?"

"ತೊಳೆದೆ," ಎಂದ ತೋರ್ಬೆನ್.

"ಯಾವುದರಲ್ಲಿ?"

"ಟ್ಯಾಂಕರ್ ತೊಳೆಯೋದರಲ್ಲಿ."

ದೋರ್ತೆ ಕುರ್ಚಿಯಲ್ಲಿ ಕೂತಳು. "ಐವತ್ತು ವರ್ಷ ಆ ಚುಕ್ಕೆ ಅಟ್ಟದ ಮೇಲೆ ನೆಟ್ಟಗಿತ್ತು. ನಿನ್ನ ಕೈಲಿ ಎರಡು ದಿನ ಉಳೀಲಿಲ್ಲ. ಪರವಾಗಿಲ್ಲ."

ಆ ಮಾತು ಕೇಳಿ ತೋರ್ಬೆನ್ ಬೆದರಿದ. "ಪರವಾಗಿಲ್ಲ ಅನ್ನಬೇಡ ದೋರ್ತೆ. ಬೈದುಬಿಡು. ನೋಡು, ಕೆಲವು ಇಟ್ಟಿಗೆ ಮೇಲೆ ಹಲ್ಲಿನ ಗುರುತಿದೆ. ಅಂಟಿಕೊಂಡ ಇಟ್ಟಿಗೇನ ನೀನು ಹಲ್ಲಿಂದ ಕಚ್ಚಿ ಬಿಡಿಸ್ತಿದ್ದೆಯಲ್ಲ? ಗುರುತಿರೋದು ನಿನ್ನದು, ಇಲ್ಲದ್ದು ನನ್ನದು. ಮುಗೀತು."

"ನಾನಾ? ಕಚ್ಚುತ್ತಿದ್ದೋನು ನೀನು!"

"ನಾನು ಬೆಣ್ಣೆ ಹಚ್ಚೋ ಚಾಕು ಹಾಕಿ ಎಬ್ಬಿಸ್ತಿದ್ದೆ."

"ಚಾಕು ನನ್ನದು! ಆ ಚಾಕುವಿಗೆ ಅಮ್ಮನ ಹತ್ರ ಏಟು ತಿಂದೋಳು ನಾನು."

ಹಳದಿ ಕಿಟಕಿ ಯಾರ ಹುಟ್ಟುಹಬ್ಬದ್ದು, ಸೀತಾಳೆ ಸಿಡುಬು ಬಂದು ಮಲಗಿದ್ದಾಗ ಚಕ್ರಗಳು ಯಾರಿಗೆ ಸಿಕ್ಕಿದ್ದು, ಸೇತುವೆ ಕಟ್ಟಿ ಅದರ ಮೇಲೆ ಬೆಕ್ಕನ್ನು ನಡೆಸಿದ್ದು ಯಾರು, ಹೀಗೆ ಒಂದೊಂದಾಗಿ ಎದ್ದುಬಂತು. ಇಬ್ಬರ ನೆನಪಿನಲ್ಲೂ ಮನೆ ಅದೇ, ಬೆಕ್ಕು ಅದೇ, ಆದರೆ ನೆಲದ ಮೇಲೆ ಕೂತ ಮಗು ಮಾತ್ರ ಬೇರೆ. ಕೇಳುತ್ತಾ ಕೇಳುತ್ತಾ ನನಗೂ ತಲೆ ಕೆಟ್ಟಿತು. ಸಿಡುಬು ಇಬ್ಬರಿಗೂ ಬಂದಿತ್ತೋ, ಒಬ್ಬರಿಗೋ ಎಂಬುದೇ ತೀರ್ಮಾನವಾಗಲಿಲ್ಲ.

"ಕಚ್ಚಿ ತೋರಿಸು," ಎಂದಳು ದೋರ್ತೆ. "ಗುರುತು ಹೊಂದುತ್ತಾ ನೋಡೋಣ."

"ನನ್ನ ಮುಂದಿನ ಹಲ್ಲು ಹೋಗಿ ಎಷ್ಟು ವರ್ಷ ಆಯ್ತು!"

"ಹಾಗಾದ್ರೆ ಅಂಗಡಿ ಹಲ್ಲು ಬಿಟ್ಟು ಪಕ್ಕದ್ದರಲ್ಲಿ ಕಚ್ಚು."

ತೋರ್ಬೆನ್ ಒಂದು ಬಿಳಿ ಇಟ್ಟಿಗೆಯನ್ನು ದವಡೆಗಿಟ್ಟು ಕಚ್ಚಿದ. ದೋರ್ತೆ ಕೆಂಪು ಇಟ್ಟಿಗೆ ಕಚ್ಚಿದಳು. ಇಬ್ಬರೂ ಬಾಯಲ್ಲಿ ಇಟ್ಟಿಗೆ ಹಿಡಿದು ಒಬ್ಬರನ್ನೊಬ್ಬರು ನೋಡುತ್ತಿದ್ದಾಗ ಬಾಗಿಲಲ್ಲಿ ಯುಟ್ಟೆ ನಿಂತಿದ್ದಳು. ಕಂಕುಳಲ್ಲಿ ತಕ್ಕಡಿ.

"ತಿಂಡಿ ಹೊತ್ತಿಗೆ ಬಂದ್ನಾ?" ಎಂದಳು.

ಮೇಜಿಗೆ ಬಂದು ರಾಶಿಯಲ್ಲಿ ಕೈಯಾಡಿಸಿದಳು. "ಚೆನ್ನಾಗಿ ತೊಳೆದಿದೀರ. ಆದ್ರೆ ಕಚ್ಚಿರೋದು ನನಗೆ ಬೇಡ. ಅದನ್ನ ಯಾರೂ ಕೊಳ್ಳಲ್ಲ. ಕಚ್ಚದೇ ಇರೋದನ್ನೆಲ್ಲ ತಗೋತೀನಿ." ಹೇಳಿದವಳೇ ಬೇರ್ಪಡಿಸಲು ಶುರುಮಾಡಿದಳು. ಅವಳ ಬೆರಳುಗಳು ಕೋಳಿ ಕಾಳು ಹೆಕ್ಕುವಷ್ಟು ಚುರುಕು. ಮುಕ್ಕಾಲು ಗಂಟೆಯಲ್ಲಿ ಕಚ್ಚಿದವು ಒಂದು ಪೆಟ್ಟಿಗೆಯಾದವು, ಕಚ್ಚದವು ಮೂರು.

ಕಚ್ಚಿದ್ದು ತಾನಲ್ಲ, ಕಚ್ಚದವೇ ತನ್ನವು ಎಂದು ಇಬ್ಬರೂ ಹೇಳಿದಂತಾಗಿತ್ತು. ಅವು ತೋರ್ಬೆನ್‌ನವಾದರೆ ಮಾರಬಹುದು, ದೋರ್ತೆಯವಾದರೆ ಮಾರುವಂತಿಲ್ಲ. ತೋರ್ಬೆನ್ ಅಕ್ಕನ ಮುಖ ನೋಡಿದ, ಕೆಟಲ್ ನೋಡಿದ.

"ಆಯ್ತು," ಎಂದ. "ಕಚ್ಚಿದೋನು ನಾನೇ ಇರ್ಬೇಕು. ಆ ಮೂರು ಪೆಟ್ಟಿಗೆ ದೋರ್ತೇದು. ಯುಟ್ಟೆ, ಸುಮ್ಮನೆ ಬರೋ ಹಾಗಾಯ್ತು ನಿನಗೆ. ಕಾಫಿ ಕುಡ್ಕೊಂಡು ಹೋಗು."

ದೋರ್ತೆ ಮೂರು ಪೆಟ್ಟಿಗೆಗಳನ್ನೂ ತಕ್ಕಡಿಯ ಕಡೆ ತಳ್ಳಿದಳು. ಆಮೇಲೆ ಯುಟ್ಟೆಗೆ ಹೇಳಿದಳು: "ತೂಗು."

"ಏನು?" ಎಂದ ತೋರ್ಬೆನ್.

"ನನ್ನದು ತಾನೇ? ಮಾರ್ತಿದೀನಿ. ನಾನೇನು ಈ ವಯಸ್ಸಲ್ಲಿ ಕೋಟೆ ಕಟ್ಟಬೇಕಾ?"

"ಮಾರಬೇಡ ಅಂದಿದ್ದೆಯಲ್ಲ!"

"ಕೇಳದೇ ಮಾರಬೇಡ ಅಂದೆ."

ಕೇಳದೇ ಮಾರಬೇಡ ಎಂದು ಅವಳು ಹೇಳಿರಲಿಲ್ಲ ಎಂಬುದು ಖಂಡಿತ. ಆದರೂ ಅವಳು ಹೇಳಿದ್ದು ಅದನ್ನೇ ಎಂದು ತೋರ್ಬೆನ್‌ಗೆ ಅನ್ನಿಸತೊಡಗಿತು. ಯುಟ್ಟೆ ತೂಗಿ ನೋಟುಗಳನ್ನಿಟ್ಟಳು. ಆ ಕ್ರೋನರ್ ನೋಟುಗಳಲ್ಲಿ ಅರ್ಧವನ್ನು ದೋರ್ತೆ ತಮ್ಮನ ಕಡೆ ಸರಿಸಿದಳು. ಹೋಗುವಾಗ ಕಚ್ಚಿದ ಇಟ್ಟಿಗೆಗಳ ಪೆಟ್ಟಿಗೆಯನ್ನೂ ಅವಳೇ ಎತ್ತಿಕೊಂಡಳು.

"ಅದು ನನ್ನದು ಅಂತ ಆಯ್ತಲ್ಲ?" ಎಂದ ತೋರ್ಬೆನ್.

"ನನಗಿನ್ನೂ ನಂಬಿಕೆ ಇಲ್ಲ. ಮನೇಲಿ ಕೂತು ನೋಡ್ತೀನಿ," ಎಂದು ಕಾರಿನ ಡಿಕ್ಕಿ ಮುಚ್ಚಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಸೋಮವಾರ ಹತ್ತಿ ತುಂಬಿಸಲು ಬಂದವರು ಅಟ್ಟದ ಹಲಗೆ ಎಬ್ಬಿಸಿದಾಗ ಸಂದಿಯಲ್ಲಿ ಒಂದು ಇಟ್ಟಿಗೆ ಸಿಕ್ಕಿತು. ನೀಲಿ, ಮೇಲೆ ಎಂಟು ಉಬ್ಬುಗಳಿದ್ದದ್ದು. ತೊಳೆಯದ್ದು. ಕೆಳಗೆ ಕೆಂಪು ಚುಕ್ಕೆ ನೆಟ್ಟಗಿತ್ತು. ಮೂಲೆಯಲ್ಲಿ ಆಳವಾದ ಹಲ್ಲಿನ ಗುರುತು.

ಅಂದರೆ ಕಚ್ಚಿದವಳು ದೋರ್ತೆ. ಅಂದರೆ ಮಾರಿಹೋದದ್ದು ತೋರ್ಬೆನ್‌ನದು. ಅವನಿಗೆ ದುಡ್ಡಿನ ಚಿಂತೆ ಇರಲಿಲ್ಲ. ಇದನ್ನು ತೋರಿಸಿದರೆ ಅಕ್ಕನಿಗೆ ನೀನು ಸುಳ್ಳುಗಾತಿ ಎಂದು ಹೇಳಿದ ಹಾಗಾಗುತ್ತದೆ, ಮತ್ತೆ ಮೂರು ವರ್ಷ ಫೋನಿಲ್ಲ. ತೋರಿಸದಿದ್ದರೆ ಅಕ್ಕನ ವಸ್ತು ಮತ್ತೊಮ್ಮೆ ಕೇಳದೆ ಇಟ್ಟುಕೊಂಡ ಹಾಗಾಗುತ್ತದೆ. ಎರಡು ದಿನ ಅದನ್ನು ಟ್ಯಾಂಕರಿನ ಕಿಟಕಿಯ ಮುಂದಿಟ್ಟುಕೊಂಡು ಓಡಾಡಿದ. ಒಂದು ಹಟ್ಟಿಯನ್ನು ಮರೆತು ಮುಂದೆ ಹೋಗಿ, ತಿರುಗಿ ಬಂದನಂತೆ. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು.

ಬುಧವಾರ ಕೆಲಸ ಮುಗಿಸಿ ದೋರ್ತೆಯ ಮನೆಗೆ ಹೋದ. ಕೆಟಲ್ ಒಯ್ಯಬೇಕೆಂದು ಸೌಟುಗಳನ್ನು ತೆಗೆದಿದ್ದ, ಆದರೆ ಹೊಸಿಲು ದಾಟುವಾಗ ಅದನ್ನು ಮೇಜಿನ ಮೇಲೆಯೇ ಮರೆತ. ಅವಳು ಬಾಗಿಲು ತೆಗೆದಾಗ ಇಟ್ಟಿಗೆಯನ್ನು ಅಂಗೈಯಲ್ಲಿಟ್ಟು ಚಾಚಿದ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಚುಕ್ಕೆ ನೋಡಿದಳು. ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದಳು.

"ನೋಡ್ದೆಯಾ?" ಎಂದಳು. "ನನ್ನದನ್ನ ನೀನು ಕಚ್ಚಿರೋದು. ಅದಕ್ಕೇ ಅಲ್ವಾ ಅಮ್ಮ ಚುಕ್ಕೆ ಹಾಕಿದ್ದು!"

ತೋರ್ಬೆನ್ ಹೊಸಿಲಲ್ಲೇ ನಿಂತ. ಹಾಗೂ ಇರಬಹುದು ಎಂದು ಅವನು ಯೋಚಿಸಿರಲೇ ಇಲ್ಲ. ಅಕ್ಕ ನಗುತ್ತಿದ್ದಾಳೋ, ನಿಜಕ್ಕೂ ಹೇಳುತ್ತಿದ್ದಾಳೋ ಎಂದು ಮುಖ ನೋಡಿದ. ಗೊತ್ತಾಗಲಿಲ್ಲ.

"ಇದು ಯಾರ ಹತ್ರ ಇರ್ಬೇಕು?" ಎಂದು ಕೇಳಿದ. "ದಾಳ ಹಾಕೋಣವಾ?"

"ದಾಳದ ಮಾತು ಎತ್ತಬೇಡ." ದೋರ್ತೆ ಇಟ್ಟಿಗೆಯನ್ನು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟಳು. "ಗೊತ್ತಾಗೋ ತನಕ ಇಲ್ಲಿರಲಿ. ಬೂಟು ಬಿಚ್ಚು, ನೆಲ ಒರೆಸಿದೀನಿ."

ಈಗ ಬುಧವಾರ ಬುಧವಾರ ಅವನ ಕಾರು ಆ ದಾರಿ ಹಿಡಿಯುತ್ತದೆ. ಗೊತ್ತಾಯಿತಾ ಎಂದು ಮೊನ್ನೆ ಬೇಲಿಯ ಈಚೆಯಿಂದ ಕೇಳಿದೆ.

"ಇಲ್ಲ," ಎಂದ ತೋರ್ಬೆನ್. "ಈಗ ಚಾಕು ಅಪ್ಪನದು ಅಂತಿದಾಳೆ." ಸ್ವಲ್ಪ ಯೋಚಿಸಿ, ಯಾವುದರ ಬಗ್ಗೆ ಎಂದು ಹೇಳದೆ, "ಅಷ್ಟೇನೂ ಕೆಟ್ಟದಾಗಿಲ್ಲ," ಎಂದ.